ನಿಲ್ಲಿಸುವ ಕಾರು

ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ನನ್ನ ಅಣ್ಣ, ಯಾವ ಗಾಡಿ ಕಂಡರೂ ಅದರ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಅಡಿಭಾಗ ನೋಡುತ್ತಿದ್ದ. "ಎಳೆಯೋದು ಇರ್ಲಿ ಮಾರಾಯ, ನಿಲ್ಸುತ್ತಾ?" ಎನ್ನುತ್ತಿದ್ದ.

ಅತ್ತಿಗೆಗೆ ಊರೂರು ತೋರಿಸಲೆಂದು ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಮಂಚ, ಒಲೆ ಇರುವ ಚಕ್ರದ ಮನೆಯೊಂದನ್ನು ಮಾಡಿಸಿದ. ಅದನ್ನು ಎಳೆಯುವ ಕಾರು ಆರಿಸಲು ನನ್ನನ್ನು ಶಿವಮೊಗ್ಗದ ಹಳೇ ಕಾರುಗಳ ಅಂಗಡಿಗೆ ಕರೆದೊಯ್ದ. ನಾನು ಆಟೊ ಓಡಿಸುವವನು. ಕಾರಿನ ವಿಷಯವೂ ನನಗೆ ಗೊತ್ತೆಂದು ಅವನ ನಂಬಿಕೆ. ಡೀಸೆಲ್ಲೋ ಪೆಟ್ರೋಲೋ, ದೊಡ್ಡದೋ ಸಣ್ಣದೋ, ನನಗೆ ಒಂದೂ ತಿಳಿಯಲಿಲ್ಲ. ಅಣ್ಣ ಹಗುರವಾದ ಕಾರೊಂದರ ಹಿಂದೆ ಕೂತು ಅದೇ ಪ್ರಶ್ನೆ ಕೇಳಿದ.

"ಸಾರ್, ಇಂಜಿನ್ ಮುಂದೆ ಇದೆ," ಎಂದು ಅಂಗಡಿಯವನು ನಕ್ಕ.

ನನಗೆ ನಾಚಿಕೆಯಾಯಿತು. "ನಿಲ್ಸುತ್ತೆ, ತಗೋ ಅಣ್ಣ," ಎಂದುಬಿಟ್ಟೆ.

ಆ ಕಾರಿಗೆ ಮನೆ ಕಟ್ಟಿಕೊಂಡು ಅತ್ತಿಗೆಯೊಂದಿಗೆ ಹೊರಟ ಮೊದಲ ಸಲವೇ, ಆಯನೂರು ದಾಟಿದ ಮೇಲಿನ ಇಳಿಜಾರಿನಲ್ಲಿ ನಾನು ಬ್ರೇಕ್ ಒತ್ತಿದರೂ ಹಿಂದಿನ ಮನೆ ಕಾರನ್ನು ತಳ್ಳಿಕೊಂಡು ಹೋಗಿ ಚರಂಡಿಗೆ ಇಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಅತ್ತಿಗೆ ಮಾತ್ರ ಮತ್ತೆಂದೂ ಅದನ್ನು ಹತ್ತಲಿಲ್ಲ. ಅಣ್ಣ ಇಳಿದು, ಕಾರಿನ ಹಿಂದೆ ಕೂತು ನೋಡಿ, ಎದ್ದು ಬಂದು ನನ್ನ ಬೆನ್ನು ತಟ್ಟಿದ.

"ನಿಲ್ತಲ್ಲ, ಮಾರಾಯ."

ಅದು ಸಮಾಧಾನವೋ ಚುಚ್ಚುಮಾತೋ, ಇವತ್ತಿಗೂ ತಿಳಿದಿಲ್ಲ. ಅವತ್ತು ಅಂಗಡಿಯಲ್ಲಿ ಹೇಳಬೇಕಿದ್ದ "ಗೊತ್ತಿಲ್ಲ" ಎಂಬ ಮಾತನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ.