ವರಾಛಾದ ಆರು ಗಂಟೆಯ ತರಗತಿ

ಸೂರತ್ತಿನ ವರಾಛಾದಲ್ಲಿ ವಜ್ರದ ಸಾಣೆಗಳು ಇನ್ನೂ ತಿರುಗತೊಡಗಿಲ್ಲ. ಐದೂವರೆಗೇ ಮಂದಾಕಿನಿ ಅವರು ಕಂಪ್ಯೂಟರ್ ತರಬೇತಿ ಕೇಂದ್ರದ ಷಟರ್ ಎತ್ತಿ, ಕಸ ಗುಡಿಸಿ, ಮೂವತ್ತೆರಡು ಕಂಪ್ಯೂಟರುಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಾರೆ. ಆರಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಸಾಣೆ ಹಿಡಿಯುವ ಗಂಡಸರು, ಹರಳು ವಿಂಗಡಿಸುವ ಹೆಂಗಸರು ಕೆಲಸಕ್ಕೆ ಹೋಗುವ ಮುನ್ನ ಎರಡು ತಾಸು ಕಲಿಯಲು ಬರುತ್ತಾರೆ. ಪಾಸ್‌ವರ್ಡ್ ಮರೆತು, ಗುಜರಾತಿಯಲ್ಲಿ ಅಕ್ಕ ಎನ್ನುವಂತೆ 'ಮಂದಾಬೆನ್' ಎಂದು ಕೂಗುವವರು ದಿನಕ್ಕೊಬ್ಬರಾದರೂ ಇದ್ದೇ ಇರುತ್ತಾರೆ.

ಚಿಕ್ಕೋಡಿಯ ಮಂದಾಕಿನಿಗೆ ಈಗ ನಲವತ್ತಾರು. ಪತಿ ಭರತೇಶ್ ಹಜೀರಾದ ಸರಕಾರಿ ಅನಿಲ ಘಟಕದಲ್ಲಿದ್ದಾರೆ. ಈಕೆ ಒಂಬತ್ತು ವರ್ಷಗಳಿಂದ ಈ ಕೇಂದ್ರದ ಸಹಾಯಕಿ. ಇದನ್ನು ನಡೆಸುವ ಕಂಪನಿ ವಡೋದರಾದ ಗೋರ್ವಾದಲ್ಲಿ ಸಾಫ್ಟ್‌ವೇರ್ ತಯಾರಿಸುತ್ತದೆ, ಸೂರತ್ತಿನಲ್ಲಿ ತರಬೇತಿ ನಡೆಸುತ್ತದೆ. ಅಲ್ಲಿ ಗಳಿಸಿದ್ದನ್ನು ಇಲ್ಲಿ ನುಂಗಿದಂತಾಗಿತ್ತು. ವರ್ಷಕ್ಕೆ ಐದು ಲಕ್ಷ ನಷ್ಟ. ಎರಡು ವರ್ಷದ ಹಿಂದೆ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುವ ಮುಖ್ಯ ಕಚೇರಿಯಿಂದ ಪತ್ರ ಬಂತು: ಮಾರ್ಚ್‌ಗೆ ಕೇಂದ್ರ ಬಂದ್.

ಅಂದೇ ಮಂದಾಕಿನಿ ವ್ಯವಸ್ಥಾಪಕ ಗಿರಿಧರಭಾಯ್ ಅವರ ಮೇಜಿನ ಮುಂದೆ ನಿಂತರು. "ನಸುಕಿನ್ಯಾಗ ಬಾಗಲಾ ತೆರದರೂ ಬಾಡಗಿ ಅಷ್ಟ, ಮುಚ್ಚಿದರೂ ಅಷ್ಟ. ಮುಂಜಾನೆ ಹನ್ನೊಂದರ ಮಟಾ ಮಷೀನು ಸುಮ್ಮನ ಕುಂತಿರ್ತಾವು. ಅವಕ್ಕ ಕೆಲಸಾ ಕೊಡೂಣು ಅಂದೆ ನೋಡ್ರಿ," ಎಂದು ನೆನೆಯುತ್ತಾರೆ.

ಗಿರಿಧರಭಾಯ್ ಬೋಪಾಲ್‌ಗೆ ಫೋನು ಹಚ್ಚಿ ಮೂರು ತಿಂಗಳ ಅವಕಾಶ ಬೇಡಿಕೊಂಡರು. ಮಂದಾಕಿನಿ ಊಟದ ಬಿಡುವಿನಲ್ಲಿ ಸಾಣೆ ಕಾರ್ಖಾನೆಗಳ ಬಾಗಿಲಿಗೆ ಹೋಗಿ ಸಿಕ್ಕಸಿಕ್ಕವರನ್ನೆಲ್ಲ ಬೆಳಗಿನ ಆರು ಗಂಟೆಯ ತರಗತಿಗೆ ಕರೆದರು. ಮೊದಲ ವಾರ ಬಂದವರು ನಾಲ್ಕೇ ಜನ. ಅವರಿಗೋ ಮೌಸ್ ಮುಟ್ಟಲೂ ಅಂಜಿಕೆ. ಸಂಕೋಚ ಕಳೆಯಲೆಂದು ಈಕೆಯೂ ಪಕ್ಕದ ಕುರ್ಚಿಯಲ್ಲಿ ವಿದ್ಯಾರ್ಥಿನಿಯಾಗಿ ಕುಳಿತರು. "ನನಗೂ ಏನೂ ಬರ್ತಿದ್ದಿಲ್ರಿ. ಕೂಡೇ ತಪ್ಪಿದಿವಿ, ಕೂಡೇ ನಕ್ಕಿವಿ."

ಆ ನಾಲ್ವರಲ್ಲಿ ಜಸುಬೆನ್ ಒಬ್ಬರು. ಬಗ್ಗಿ ಕೂತು ಹರಳು ವಿಂಗಡಿಸಿ ಬೆನ್ನು ಸೋತಿದ್ದ ಅವರಿಗೆ ಎರಡನೇ ತಿಂಗಳು ತಮ್ಮ ಕಾರ್ಖಾನೆಯಲ್ಲೇ ಸರಕಿನ ವಿವರ ಕಂಪ್ಯೂಟರಿಗೆ ಏರಿಸುವ ಕೆಲಸ ಸಿಕ್ಕಿತು, ಸಂಬಳವೂ ಹೆಚ್ಚಿತು. ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿತು. ಕೇಂದ್ರ ಮುಚ್ಚುವ ಮಾತು ಅಲ್ಲಿಗೆ ನಿಂತಿತು. ಈಗ ದಿನ ಬಿಟ್ಟು ದಿನದ ಎರಡು ತಂಡಗಳಲ್ಲಿ ಅರವತ್ತೊಂದು ಮಂದಿ ಕಲಿಯುತ್ತಿದ್ದಾರೆ.

ಅವರು ಕಟ್ಟಿದ ಶುಲ್ಕದಿಂದ, ಬಾಡಿಗೆ, ಸಂಬಳ, ಕರೆಂಟು ಎಲ್ಲ ಕಳೆದ ಮೇಲೂ ತರಬೇತಿ ವಿಭಾಗದಲ್ಲಿ ಕಳೆದ ವರ್ಷ ಮೂರು ಲಕ್ಷ ಉಳಿದಿದೆ. ಕಾರ್ಯಾಚರಣೆಯಲ್ಲಿ ಲಾಭ ಬಂದದ್ದು ಇದೇ ಮೊದಲು. ಅದಕ್ಕೆ 'ಸ್ವತ್ತುಗಳ ಉತ್ತಮ ಬಳಕೆ' ಕಾರಣವೆಂದು ವಾರ್ಷಿಕ ವರದಿ ಹೇಳುತ್ತದೆ. ಗಿರಿಧರಭಾಯ್ ಆ ಸಾಲನ್ನು ಓದಿ ತಿಳಿಸಿದಾಗ ಮಂದಾಕಿನಿ ಬಿದ್ದು ಬಿದ್ದು ನಕ್ಕರಂತೆ. "ಆ ಸ್ವತ್ತು ನಾನ ಇರಬೇಕ್ರಿ," ಎನ್ನುತ್ತಾರೆ.

ಡಿಸೆಂಬರಿನಲ್ಲಿ ಅವರೂ ಕಂಪ್ಯೂಟರ್ ಪರೀಕ್ಷೆ ಬರೆದು ನೂರಕ್ಕೆ ಎಪ್ಪತ್ತೊಂದು ಅಂಕ ಪಡೆದಿದ್ದಾರೆ. ಪ್ರಮಾಣಪತ್ರ ಕೊಡುವ ದಿನ ವೇದಿಕೆಯಲ್ಲಿ ಹೆಸರು ಕೂಗುವುದು ಅವರದೇ ಕೆಲಸ. ತಮ್ಮ ಹೆಸರನ್ನು ಮಾತ್ರ ಕೂಗದೆ, ಪತ್ರವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದಿದ್ದರು. ಈಗ ಮುಂದಿನ ಹಂತದ ಪರೀಕ್ಷೆಗೆ ಓದುತ್ತಿದ್ದಾರೆ.

"ಈ ಸಲ ಮೈಕ್ ಜಸುಬೆನ್ ಕೈಯಾಗ ಕೊಡಾಕಿ ಅದೀನ್ರಿ," ಎನ್ನುತ್ತಾರೆ ಮಂದಾಕಿನಿ. "ನನ್ನ ಹೆಸರು ಯಾರರ ಕೂಗೋದು ಒಮ್ಮೆ ಕೇಳಬೇಕಂತ ಆಸೆ."