ಕರೆಂಟಣ್ಣನ ಹೆಡ್‌ಲೈಟು

ಅಪ್ಪ ಆ ಮುದಿ ಬೈಕನ್ನು ಟೆಂಪೊ ಮೇಲೆ ಹೇರಿಕೊಂಡು ಬಂದಾಗ ಮಗಳು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು. ಬೈಕೆಂದರೆ ಸಣ್ಣದಲ್ಲ, ಎಮ್ಮೆಯಂಥದ್ದು. ಮುಂದೆ ಗಾಳಿ ತಡೆಯುವ ಗಾಜು, ಮೈಗೆಲ್ಲ ಬಿರುಕು ಬಿಟ್ಟ ಪ್ಲಾಸ್ಟಿಕ್ ಕವಚ, ಹಿಂದೆ ಎರಡೂ ಪಕ್ಕ ಸೂಟ್‌ಕೇಸಿನಂಥ ಪೆಟ್ಟಿಗೆಗಳು. ವೇಗವಾಗಿ ಓಡಬೇಕು, ಇಬ್ಬರು ಆರಾಮಾಗಿ ಕೂತು ದೂರದೂರ ಹೋಗಲೂ ಬೇಕು ಎಂದು ಯಾವುದೋ ಕಾಲದಲ್ಲಿ ಮಾಡಿದ ಗಾಡಿ. ಹಲ್ಲಿನ ಡಾಕ್ಟರೊಬ್ಬರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತು ನಿಂತು, ಸೀಟಿನ ಕೆಳಗೆ ಇಲಿಗಳು ಸಂಸಾರ ಹೂಡಿದ್ದವು.

ಅವಳು ಮೊದಲನೇ ಮಹಡಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದಳು. "ಅಮ್ಮ, ಅಪ್ಪ ಏನು ತಂದಿದಾನೆ ನೋಡಿದ್ಯಾ?"

"ನೋಡ್ದೆ ಕಣೇ. ಈ ವಯಸ್ಸಲ್ಲಿ ಸವತಿ ತಂದಿದಾರೆ. ಅದೂ ನನಗಿಂತ ದಪ್ಪ."

ಅಪ್ಪ ಬೀದಿಗೆಲ್ಲ ಕರೆಂಟಣ್ಣ. ಆ ಸುತ್ತಮುತ್ತಲಿನ ಗೋಡೆಗಳ ಒಳಗೆ ಯಾವ ವೈರು ಎಲ್ಲಿ ತಿರುಗುತ್ತದೆ ಎಂಬುದು ಅವನ ತಲೆಯಲ್ಲಿತ್ತು. ಯಾರ ಮನೆ ಕತ್ತಲಾದರೂ ಮೊದಲು ಮೋಂಬತ್ತಿ ಹುಡುಕುತ್ತಿರಲಿಲ್ಲ, ಅವನ ನಂಬರು ಹುಡುಕುತ್ತಿದ್ದರು. ಬೇರೆಯವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸುತ್ತಲು ಹೋಗುವ ರಜಾ ದಿನಗಳಲ್ಲೇ ಅವನಿಗೆ ಕೆಲಸ ಜಾಸ್ತಿ. ಅಮ್ಮ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬೀಗ ಕೈಯಲ್ಲಿ ಹಿಡಿದಳೋ ಇಲ್ಲವೋ, ಫೋನು ಹೊಡೆದುಕೊಳ್ಳುತ್ತಿತ್ತು. "ದೀಪದ ಬುಡದಲ್ಲೇ ಕತ್ತಲೆ ಅನ್ನೋ ಗಾದೆ ನಮ್ಮನೆ ನೋಡಿಯೇ ಹುಟ್ಟಿದ್ದು" ಎಂದು ಅಮ್ಮ ಮತ್ತೆ ಚಪ್ಪಲಿ ಬಿಚ್ಚುತ್ತಿದ್ದಳು.

ಈಗ ಅಪ್ಪನ ಲೆಕ್ಕಾಚಾರ ಏನೆಂದರೆ, ಗಾಡಿ ರಿಪೇರಿ ಮಾಡಿ, ಅಮ್ಮನನ್ನು ಹಿಂದೆ ಕೂರಿಸಿಕೊಂಡು, ತಾನು ಮೀಸೆ ಮೂಡುವ ಮೊದಲೇ ಕೆಲಸ ಕಲಿತ ಅಣೆಕಟ್ಟಿನ ಪವರ್‌ಹೌಸಿಗೆ ಹೋಗಿಬರುವುದು. ಎರಡು ದಿನದ ದಾರಿ.

"ಬೇರೆಯವರ ಗಂಡಂದಿರು ಸಮುದ್ರ ತೋರಿಸ್ತಾರೆ, ಹಿಮ ತೋರಿಸ್ತಾರೆ. ನನ್ನ ಗಂಡ ಕರೆಂಟ್ ಫ್ಯಾಕ್ಟರಿ ತೋರಿಸ್ತಾರಂತೆ" ಎಂದು ಅಮ್ಮ ಆಡಿಕೊಂಡಳು. ಆದರೆ ಒಂದು ಮಧ್ಯಾಹ್ನ ಮಗಳು ಹೇಳದೆ ಕೇಳದೆ ಒಳಗೆ ಬಂದಾಗ, ಅಮ್ಮ ಹೊಸ ದಪ್ಪ ಜಾಕೆಟ್ಟಿನ ಜಿಪ್ಪನ್ನು ಕೊರಳತನಕ ಎಳೆದು ಕನ್ನಡಿಯ ಮುಂದೆ ಅತ್ತಿತ್ತ ತಿರುಗುತ್ತಿದ್ದಳು. ಮಗಳನ್ನು ಕಂಡು, "ಸೆಕೆ ಕಣೇ ಇದು" ಎಂದು ಬಿಚ್ಚಿಹಾಕಿದಳು.

ಮಗಳಿಗೆ ಮಾತ್ರ ಈ ಪ್ರಯಾಣದ್ದೇ ದಿಗಿಲು. ಅವಳ ಜೀವವೇ ಅಂಥದ್ದು. ಕೂಸು ಗಾಢವಾಗಿ ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು, ಗ್ಯಾಸ್ ಆರಿಸಿ ಬಂದು ಮತ್ತೆ ಹೋಗಿ ನೋಡುವವಳು. ಲಾರಿಗಳ ನಡುವೆ ಅಪ್ಪ ಅಮ್ಮ ಎರಡು ಚಕ್ರದ ಮೇಲೆ ಹೋಗುವ ಚಿತ್ರ ಅವಳಿಗೆ ಹಾಲುಣಿಸುವಾಗ, ಬಟ್ಟೆ ಮಡಿಸುವಾಗ, ಎಲ್ಲೆಂದರಲ್ಲಿ ಕಣ್ಣಿಗೆ ಕಟ್ಟುತ್ತಿತ್ತು. 'ದೇವರೇ, ಇದೊಂದು ಸ್ಟಾರ್ಟ್ ಆಗದಿರಲಿ' ಎಂದು ದಿನಾ ಬೇಡಿಕೊಳ್ಳುತ್ತಿದ್ದಳು.

ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುವ ಮೂಲೆಯಲ್ಲಿ, ಕೆಲಸ ಶುರುವಾಯಿತು. ಜೊತೆಗೆ ಅಪ್ಪನ ಬಾಲ್ಯದ ಗೆಳೆಯ, ಗ್ಯಾರೇಜಿನ ಮೌನಿ. ಬಾಯಿ ಒಂದು ಗಳಿಗೆಯೂ ಮುಚ್ಚದವನೆಂದೇ ಅವನಿಗೆ ಆ ಹೆಸರು. ತುಕ್ಕು ಹಿಡಿದ ಟ್ಯಾಂಕಿನೊಳಗೆ ಒಂದು ಹಿಡಿ ಸಣ್ಣ ನಟ್ಟು ಸುರಿದು, ಇಬ್ಬರೂ ಆ ತುದಿ ಈ ತುದಿ ಹಿಡಿದು ತುಕ್ಕು ಉದುರುವಂತೆ ಕುಲುಕಿದರು. ಆ ಸದ್ದಿಗೆ ಇಡೀ ಕಟ್ಟಡ ಶಾಪ ಹಾಕಿತು. ಅಂಟುಗಟ್ಟಿದ ಕಾರ್ಬ್ಯುರೇಟರುಗಳನ್ನು ಬಿಚ್ಚಿ ಸಣ್ಣ ತಂತಿಯಿಂದ ತೂತು ತೂತು ಕೆದಕಿದರು. ಬ್ರೇಕಿನ ಎಣ್ಣೆ ಡಿಕಾಕ್ಷನ್ನಿನಂತೆ ಕಪ್ಪಗಾಗಿತ್ತು, ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು.

"ಟೈರ್ ಇರಲಿ ಬಿಡೋ. ಮೇಲಿನ ಗೀರು ಇನ್ನೂ ಸವೆದಿಲ್ಲ, ಹೊಸದರ ಹಾಗಿದೆ" ಎಂದ ಅಪ್ಪ.

ಮೌನಿ ಉಗುರಿನಿಂದ ಟೈರನ್ನು ಒತ್ತಿದ. "ಗೀರು ನೋಡಬೇಡ ಕರೆಂಟು, ವಯಸ್ಸು ನೋಡು. ನಮ್ಮ ಹಾಗೇ ಇದು. ಹೊರಗೆ ನೆಟ್ಟಗಿದೆ, ಒಳಗೆಲ್ಲ ಕಲ್ಲು. ಒದ್ದೆ ರಸ್ತೇಲಿ ಮಲಗಿಸಿಬಿಡುತ್ತೆ, ಆಮೇಲೆ ಅಕ್ಕ ನನ್ನ ಸುಮ್ನೆ ಬಿಡ್ತಾರಾ?"

ಟೈರು ಬಂತು, ಬ್ಯಾಟರಿ ಬಂತು, ಚೈನು ಬಂತು. ಇಲಿ ಕಡಿದ ವೈರುಗಳನ್ನು ಅಪ್ಪನೇ ಕೂತು ಕಟ್ಟಿದ, ಯಾರಿಗೂ ಮುಟ್ಟಗೊಡಲಿಲ್ಲ. ಒಂದು ಬೆಳಿಗ್ಗೆ ನೆಲದಡಿಯಿಂದ ಗುಡುಗಿನಂಥ ಸದ್ದು ಎದ್ದು, ಮೂರನೇ ಮಹಡಿಯ ಕಿಟಕಿಯ ಗಾಜು ಗಿರ್ರೆಂದಿತು. ಮಗಳು ಕೂಸನ್ನು ಅವುಚಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ದೇವರು ಕೈಕೊಟ್ಟಿದ್ದ.

ಉಳಿದದ್ದು ಹೆಡ್‌ಲೈಟು ಒಂದೇ. ಅದು ಮಂಕಾಗಿದೆ ಎಂದು ಅಪ್ಪನ ತಕರಾರು. ಬಲ್ಬು ಬದಲಿಸಿದ. ಹಳದಿಗಟ್ಟಿದ ಲೈಟಿನ ಗಾಜನ್ನು ಪೇಸ್ಟು ಹಚ್ಚಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದ. ಇಷ್ಟಾದರೂ ಮಂಕೇ. ಕರೆಂಟು ಅಳೆಯುವ ಮೀಟರ್ ಸರಿಯಿಲ್ಲ ಎಂದು ಹೊಸ ಮೀಟರ್ ತಂದ. ಊಟಕ್ಕೆ ಕೂತರೂ ಅದೇ ಧ್ಯಾನ. "ಹೆಂಡತಿ ಮುಖ ಮಂಕಾದ್ರೆ ಇಷ್ಟು ತಲೆ ಕೆಡಿಸ್ಕೊಂಡಿದ್ರಾ ಇವರು?" ಎಂದು ಅಮ್ಮ ತಟ್ಟೆಗೆ ಅನ್ನ ಬಡಿಸಿದಳು.

ಭಾನುವಾರ ಮಧ್ಯಾಹ್ನ ಮಗಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಟೀ ಫ್ಲಾಸ್ಕ್ ಹಿಡಿದು ಕೆಳಗಿಳಿದಳು. ಪೆಟ್ರೋಲ್ ವಾಸನೆಗೆ ಕೂಸಿನ ಮೂಗಿಗೆ ಸೆರಗು ಹಿಡಿದಳು. ಅಪ್ಪ ಬೈಕನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದ. ಮೌನಿ ಮೂಲೆಯ ಟ್ಯೂಬ್‌ಲೈಟನ್ನು ಆರಿಸಿದ.

"ಬಂದ್ಯಾ ಮಗಾ? ಅಲ್ಲೇ ಗೋಡೆ ಹತ್ರ ನಿಂತ್ಕೊ. ನಿನ್ನ ಮೇಲೆ ಬೆಳಕು ಎಷ್ಟು ಬೀಳುತ್ತೆ ನೋಡೋಣ."

ಅಪ್ಪ ಸ್ವಿಚ್ಚು ಒತ್ತಿದ.

ಬೆಳಕು ಕಪಾಳಕ್ಕೆ ಹೊಡೆದಂತೆ ಬಂತು. ಅವಳು ಅಂಗೈ ಅಡ್ಡ ಹಿಡಿದಳು. ಕೂಸು ಕಣ್ಣು ಬಿಗಿಯಾಗಿ ಮುಚ್ಚಿ, ಅವಳ ಕತ್ತಿನೊಳಗೆ ಮುಖ ಹುದುಗಿಸಿ ಕಿಟಾರನೆ ಚೀರಿತು. ಹಿಂದಿನ ಗೋಡೆಯ ಮೇಲೆ ತಾಯಿ ಮಗುವಿನ ನೆರಳು ಇದ್ದಲಿನಲ್ಲಿ ಬರೆದ ಹಾಗೆ ಕಪ್ಪಗೆ ನಿಂತಿತ್ತು.

"ನೋಡ್ದೇನೋ ಮೌನಿ?" ಅಪ್ಪ ಬೇಸರದಿಂದ ತಲೆ ಆಡಿಸಿದ. "ಇದಕ್ಕಿಂತ ಮಿಣುಕು ಹುಳ ವಾಸಿ."

ಮೌನಿ ಅಪ್ಪನ ಮುಖವನ್ನೇ ನೋಡಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ. ಮಗಳು ಮೌನಿಯ ಮುಖ ನೋಡಿದಳು. ಅಪ್ಪ ಈಚೆಗೆ ಬಾಗಿಲಿನ ಚೌಕಟ್ಟಿಗೆ ಎಡ ಮೊಣಕೈ ತಗುಲಿಸಿಕೊಳ್ಳುತ್ತಿದ್ದುದು, ಟೀ ಲೋಟವನ್ನು ಮೇಜಿನಾಚೆಯ ಗಾಳಿಯ ಮೇಲೆ ಇಟ್ಟದ್ದು, ತಾನು "ನೋಡ್ಕೊಂಡು ಮಾಡಬಾರದಾ ಅಪ್ಪ!" ಎಂದು ರೇಗಿದ್ದು, ಎಲ್ಲ ಅವಳ ಕಣ್ಣೆದುರು ಸಾಲಾಗಿ ಬಂದು ನಿಂತವು.

"ಕೂಸು ಅಳ್ತಿದೆ, ಮೇಲೆ ಹೋಗಮ್ಮ" ಎಂದ ಮೌನಿ ಮೆಲ್ಲಗೆ.

ಅವಳು ಹೋಗಲಿಲ್ಲ. "ಅಪ್ಪ, ಲೈಟ್ ಸರಿಯಾಗಿದೆ."

"ಏನು ಸರಿಯಾಗಿದೆ? ನಿನಗೇನು ಗೊತ್ತು ಇದರದ್ದು?"

"ಕೂಸಿಗೆ ಕಣ್ಣು ಬಿಡೋಕೆ ಆಗ್ತಿಲ್ಲ ಅಪ್ಪ. ನನಗೂ."

ಅಪ್ಪ ಲೈಟು ಆರಿಸಿದ. ಆ ಮೂಲೆಯ ಕತ್ತಲಲ್ಲಿ ಕೂಸಿನ ಅಳು ಬಿಕ್ಕಾಗಿ ಇಳಿಯಿತು, ಬಿಸಿ ಇಂಜಿನ್ನು ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಆಮೇಲೆ ಅವನು ನಕ್ಕ. ಆ ನಗು ಕೇಳದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನು ಮೀಟರ್ ಡೊಂಕು ಅಂದೆ. ಹೊಸದು ತಂದೆ, ಅದೂ ಹಳೇದು ಹೇಳಿದ್ದನ್ನೇ ಹೇಳ್ತು. ಬಲ್ಬಿಗೆ ಕರೆಂಟು ಪೂರ್ತಿ ಹೋಗ್ತಿದೆ. ಎರಡು ಮೀಟರ್ ಸೇರಿ ಸುಳ್ಳು ಹೇಳಲ್ಲ ಮಗಾ."

"ಹಾಗಾದ್ರೆ ಆಗಲೇ ಗೊತ್ತಿತ್ತು ನಿನಗೆ!" ಅವಳ ದನಿ ಏರಿತು. "ಗೊತ್ತಿದ್ದೂ ಅಮ್ಮನ್ನ ಹಿಂದೆ ಕೂರಿಸ್ಕೊಂಡು ಹೋಗೋನಿದ್ಯಾ?"

"ಹಗಲು ಹೊತ್ತು ಪರವಾಗಿಲ್ಲ. ನೇರ ನೋಡಿದ್ರೆ ಎಲ್ಲಾ ಕಾಣುತ್ತೆ. ಪಕ್ಕದ್ದು ಸ್ವಲ್ಪ ಇಲ್ಲ, ಅಷ್ಟೇ." ಪೆಟ್ಟು ಬೀಳುತ್ತದೆಂದು ಗೊತ್ತಾದ ಹುಡುಗ ಹೇಳುವಂತೆ ಹೇಳಿದ. "ರಸ್ತೇಲಿ ನೇರ ತಾನೇ ನೋಡೋದು? ಒಂದೇ ಒಂದು ಸಲ ಹೋಗಿ ಬಂದು ಹೇಳೋಣ ಅಂತಿದ್ದೆ. ನಿಮ್ಮಮ್ಮ ಜಾಕೆಟ್ ತಗೊಂಡಿದಾಳೆ ಕಣೇ."

ಅವಳು ಕೂಸಿನ ಬೆನ್ನು ತಟ್ಟಿದಳು. ಗಾಡಿ ಇನ್ನು ಹೋಗುವುದಿಲ್ಲ. ದಿನಾ ಬೇಡಿದ್ದು ಕೊನೆಗೂ ಫಲಿಸಿತ್ತು. ಹೀಗೆ ಫಲಿಸಲಿ ಎಂದು ಅವಳು ಯಾವತ್ತು ಬೇಡಿದ್ದಳು?

ಅಮ್ಮನಿಗೆ ಅವಳೇ ಹೇಳಿದಳು. ಮೂವರೂ ಆಸ್ಪತ್ರೆಗೆ ಹೋದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರವನ್ನು ಅಂಚಿನಿಂದ ತಿನ್ನುತ್ತಾ ಬಂದಿದೆ ಎಂದರು ಕಣ್ಣಿನ ಡಾಕ್ಟರು. ಹೋದ ನೋಟ ಮರಳುವುದಿಲ್ಲ, ಇರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು. ಗಾಡಿ ಓಡಿಸುವಂತಿಲ್ಲ.

"ಏಣಿ ಹತ್ತಬಹುದಾ ಡಾಕ್ಟ್ರೇ?" ಎಂದು ಅಪ್ಪ ಕೇಳಿದ. ಬೈಕಿನ ಮಾತೇ ಎತ್ತಲಿಲ್ಲ.

ಡಾಕ್ಟರು ಬೇಡವೆಂದು ತಲೆ ಆಡಿಸಿದರು.

ಬರುವಾಗ ಬಸ್ಸಿನಲ್ಲಿ ಅಮ್ಮ ಔಷಧಿಯ ಚೀಟಿಯನ್ನು ಮಡಿಸಿ ಪರ್ಸಿನೊಳಗಿಟ್ಟಳು. ಆಮೇಲೆ, "ಹೋಗಲಿ ಬಿಡಿ. ಇನ್ನು ರಜಾ ದಿನ ನಿಮ್ಮನ್ನ ಯಾರೂ ಫೋನ್ ಮಾಡಿ ಕರೆಯಲ್ಲ" ಎಂದಳು. ಹೇಳಿ ಕಿಟಕಿಯ ಕಡೆ ತಿರುಗಿದವಳು ಮನೆ ಬರುವ ತನಕ ಈ ಕಡೆ ತಿರುಗಲಿಲ್ಲ.

ಮರುದಿನವೇ ಅಪ್ಪ ನೆಲಮಾಳಿಗೆಗೆ ಇಳಿದ. "ಅರ್ಧಕ್ಕೆ ಬಿಟ್ಟ ಕೆಲಸ ನನ್ನ ಕೈಯಲ್ಲಿ ಇದುವರೆಗೂ ಇಲ್ಲ" ಎಂದ. ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು, ಎಲ್ಲ ಬೆರಳಿನಿಂದ ಮುಟ್ಟಿ ಮುಟ್ಟಿ ಸರಿಮಾಡಿದ. ಗೋಡೆಯ ಮೇಲೆ ಹೆಡ್‌ಲೈಟಿನ ಎತ್ತರವನ್ನು ಮಾತ್ರ ಮೌನಿ ನೋಡಿ ಹೇಳುತ್ತಿದ್ದ, ಅಪ್ಪ ಸ್ಕ್ರೂ ತಿರುಗಿಸುತ್ತಿದ್ದ. ಸಾರಿಗೆ ಕಚೇರಿಯ ತಪಾಸಣೆಯೊಂದು ಆಗಿಬಿಟ್ಟರೆ ಗಾಡಿ ರಸ್ತೆಗೆ ಯೋಗ್ಯ. ಆಮೇಲೆ ಅದು ಮೌನಿಗೆ ಎಂದು ಮಾತಾಗಿತ್ತು.

ತಪಾಸಣೆಯ ದಿನ ಮೌನಿ ಬೀಗದಕೈ ಕೈಯಲ್ಲಿ ತಿರುಗಿಸುತ್ತಾ ಅಮ್ಮನ ಮುಂದೆ ನಿಂತ. "ಅಕ್ಕ, ಇವನಿಗೆ ಓಡಿಸೋಕೆ ಆಗದೇ ಇದ್ರೆ ಏನಾಯ್ತು? ನಾನು ನಿಮ್ಮನ್ನ ಕೂರಿಸ್ಕೊಂಡು ಹೋಗಿ ಆ ಕರೆಂಟ್ ಫ್ಯಾಕ್ಟರಿ ತೋರಿಸ್ಕೊಂಡು ಬರ್ತೀನಿ."

"ಬೇಡಪ್ಪ" ಎಂದಳು ಅಮ್ಮ. "ನಾನು ಕೂರ್ತೀನಿ ಅಂದಿದ್ದು ಆ ಗಾಡಿ ಹಿಂದೆ ಅಲ್ಲ, ಇವರ ಹಿಂದೆ."

ಅಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. ಮೌನಿ ಒಂದು ಸಲ ಕೆಮ್ಮಿ, "ಹಾಗಾದ್ರೆ ನೀನೇ ಹತ್ತೋ ಕರೆಂಟು. ಯಜಮಾನ ಇಲ್ದೆ ಹೋದ್ರೆ ಕದ್ದ ಗಾಡಿ ಅಂತಾರೆ" ಎಂದ.

ಹೀಗೆ ಅಪ್ಪ ತನ್ನ ಬೈಕಿನ ಮೇಲೆ ಮೊದಲ ಸಲ ಕೂತದ್ದು ಹಿಂದಿನ ಸೀಟಿನಲ್ಲಿ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಮೌನಿ ಇಳಿದು ಕಾಲಿಡುವ ಕಡ್ಡಿ ಬಿಡಿಸಿ, ಅವನ ಪಾದ ಹಿಡಿದು ಅದರ ಮೇಲಿಟ್ಟ.

ಸಂಜೆಯ ಹೊತ್ತಿಗೆ ಮಗಳು ಕೂಸನ್ನೆತ್ತಿಕೊಂಡು ಗೇಟಿನ ಎಡಗಡೆ ಬಂದು ನಿಂತಳು. ಗಾಡಿ ಪಾಸಾಯಿತು, ಒಂದು ತಪ್ಪೂ ಸಿಗಲಿಲ್ಲ ಎಂದು ಮೌನಿ ಫೋನಿನಲ್ಲಿ ಕೂಗಿ ಹೇಳಿದ್ದ. ಅವರು ಮನೆಗೆ ಬರುವ ತನಕ ಅವಳಿಗೆ ಒಳಗೆ ಕೂರಲು ಆಗಲಿಲ್ಲ. ಬೀದಿಯ ತಿರುವಿನಲ್ಲಿ ಬೈಕು ಕಂಡಿತು. ತೊಳೆದು ಒರೆಸಿದ ಗಾಡಿ ಯಾರದೋ ಹೊಸ ಗಾಡಿಯಂತಿತ್ತು. ಮೌನಿ ಗೇಟಿನ ಹತ್ತಿರ ವೇಗ ಇಳಿಸಿದ. ಅಪ್ಪ ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡಿದ್ದ. ಗಾಳಿಗೆ ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗು.

"ತಾತ ಬಂದ್ರು ನೋಡು, ತಾತ!" ಎಂದು ಅವಳು ಕೂಸನ್ನು ಎತ್ತಿ ಹಿಡಿದಳು. ಕೂಸು ಕೈ ಬೀಸಿತು. ಬೈಕು ತೋಳಳತೆಯಷ್ಟು ಹತ್ತಿರದಲ್ಲಿ ಹಾದುಹೋಯಿತು. ಇಂಜಿನ್ನಿನ ಸದ್ದಿನಲ್ಲಿ ಅವಳ ದನಿ ಮುಳುಗಿತು, ಅದರ ಬಿಸಿ ಅವಳ ಕಾಲಿಗೆ ತಾಗಿತು. ಮೌನಿ ತಲೆ ಆಡಿಸಿದ. ಅಪ್ಪ ನಗುತ್ತಾ ನೇರ ಮುಂದೆ ನೋಡುತ್ತಿದ್ದ. ಹಾಗೇ ನೋಡುತ್ತಾ ನೆಲಮಾಳಿಗೆಯ ಇಳಿಜಾರಿನಲ್ಲಿ ಇಳಿದುಹೋದ.

ಕೂಸು ಇನ್ನೂ ಕೈ ಬೀಸುತ್ತಲೇ ಇತ್ತು. ಅವಳು ಆ ಪುಟ್ಟ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.