ಮೂರನೆಯ ಚೌಕ

ವಸಂತಮ್ಮ ಮೇಡಂ ಮಕ್ಕಳಿಗೆ ಉತ್ತರ ಹೇಳಿಕೊಡುತ್ತಿರಲಿಲ್ಲ. ಚಂದಾಪುರದ ಹತ್ತಿರ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಜಾಗದಲ್ಲಿ, ಕೂಲಿಯವರ ಮಕ್ಕಳಿಗೆಂದು ಹಾಕಿದ್ದ ತಗಡಿನ ಶೆಡ್ಡೇ ಅವರ ಶಾಲೆ. ನಾನೂ ಅಲ್ಲಿ ಒಂದಷ್ಟು ದಿನ ಕಲಿತೆ. ವಿಜ್ಞಾನಕ್ಕೆ ಅವರೇ ಕಾರ್ಡು ಬರೆದು ಪ್ರಿಂಟ್ ಮಾಡಿಸುತ್ತಿದ್ದರು. ಮೇಲೆ ಒಂದು ಪ್ರಶ್ನೆ; ಕೆಳಗೆ, ಮಕ್ಕಳು ತಾವೇ ಮಾಡಿ ನೋಡಿ ಬರೆಯಲು ಖಾಲಿ ಜಾಗ.

ಮೊದಲಿನದು ಹೆಸರುಕಾಳಿನ ಕಾರ್ಡು. ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿಟ್ಟು ದಿನಾ ಅದರ ಚಿತ್ರ ಬರೆಯಬೇಕು. ಆದರೆ ಅಪ್ಪ ಅಮ್ಮಂದಿರು ಕೆಲಸ ಸಿಕ್ಕ ಕಡೆ ಹೊರಟುಬಿಡುತ್ತಿದ್ದರು. ಮೊಳಕೆ ಎಲೆ ಬಿಡುವಾಗ ನೋಡಲು ಮಗುವೇ ಇರುತ್ತಿರಲಿಲ್ಲ. ಆ ಅರ್ಧ ಕಾರ್ಡುಗಳನ್ನು ನೋಡಿ ನೋಡಿ, ಮೇಡಂ ಒಂದೇ ದಿನದಲ್ಲಿ ಮುಗಿಯುವ ಕಾರ್ಡು ಮಾಡಿದರು. ಅಂಗಳದಲ್ಲಿ ನೆಟ್ಟ ಕೋಲಿನ ನೆರಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಮೂರು ಚೌಕಗಳಲ್ಲಿ ಗೆರೆ ಎಳೆಯಬೇಕು.

ಯಾದಗಿರಿ ಕಡೆಯ ಯಮನಪ್ಪನ ಮಗಳು ದಾನೇಶ್ವರಿ ಕೆಲಸ ಸಿಕ್ಕ ಕಡೆಗೆಲ್ಲ ಅಪ್ಪ ಅವ್ವನ ಜತೆ ಹೋಗಿ ಬಂದು ಮಾಡುತ್ತ ಒಂದು ಕಾರ್ಡನ್ನೂ ಮುಗಿಸಿರಲಿಲ್ಲ. "ಇದನ್ನ ನೀನು ಮುಗಿಸ್ಲೇಬೇಕು ಕಣೇ" ಎಂದು ಮೇಡಂ ಮೊದಲ ಕಾರ್ಡನ್ನು ಅವಳಿಗೇ ಕೊಟ್ಟರು.

ಮಧ್ಯಾಹ್ನ ಎರಡನೆಯ ಗೆರೆ ಎಳೆಯುವಾಗ ಗೇಟಿನಲ್ಲಿ ಟೆಂಪೊ ಹಾರ್ನ್ ಹೊಡೆಯಿತು.

"ಲಗೂನ ಬಾರವ್ವ, ಅತ್ತಿಬೆಲಿಗೆ ಹೋಗೂದೈತಿ" ಎಂದು ಯಮನಪ್ಪ ಕೂಗಿದ.

"ಸಂಜೆವರೆಗೂ ಬಿಡಿ ಯಮನಪ್ಪ, ಇದೊಂದು ಮುಗಿಸ್ಲಿ" ಎಂದರು ಮೇಡಂ.

"ಮೇಸ್ತ್ರಿ ಬೈತಾನ್ರೀ ಅಕ್ಕೋರೆ. ಟೆಂಪೊ ಏನ್ ನಮ್ಮಪ್ಪಂದಾ?"

ದಾನೇಶ್ವರಿ ಮೂರನೆಯ ಚೌಕವನ್ನು ಗಡಬಡಿಸಿ ಪೆನ್ಸಿಲಿನಿಂದ ಪೂರ್ತಿ ಕಪ್ಪು ಮಾಡಿ ಕಾರ್ಡನ್ನು ಮೇಡಂ ಕೈಗಿತ್ತಳು. "ಮುಗೀತ್ರೀ ಅಕ್ಕೋರೆ!"

"ಗೀಚಿಬಿಟ್ರೆ ಮುಗೀತೇನೇ? ನೋಡಿ ಬರೀಬೇಕು ಅಂತ ಎಷ್ಟು ಸಲ ಹೇಳಿಲ್ಲ!"

"ಖರೇನ್ರೀ..." ಎನ್ನುವಷ್ಟರಲ್ಲಿ ಯಮನಪ್ಪ ಅವಳನ್ನು ಎತ್ತಿ ಟೆಂಪೊ ಹತ್ತಿಸಿದ. ಅವಳು ಅಳಲಿಲ್ಲ. ನಮ್ಮ ಕಡೆ ಬೆನ್ನು ಹಾಕಿ ಕೂತಳು.

ಸಂಜೆ ಉಳಿದ ಮಕ್ಕಳ ಜತೆ ಮೇಡಂ ಕೋಲಿನ ಬಳಿ ಹೋದರು. ಅಲ್ಲಿ ಗೆರೆಯಂಥ ನೆರಳೇ ಇರಲಿಲ್ಲ. ಅವರು ಆ ಅಂಗಳದಲ್ಲಿ ನೋಡಿ ಕಾರ್ಡು ಬರೆದಾಗ ಪಶ್ಚಿಮದ ಕಟ್ಟಡ ಇನ್ನೂ ಗಿಡ್ಡಕ್ಕಿತ್ತು. ಕಾರ್ಡು ಪ್ರಿಂಟಾಗಿ ಬರುವಷ್ಟರಲ್ಲಿ ಈ ಮಕ್ಕಳ ಅಪ್ಪ ಅಮ್ಮಂದಿರೇ ಅದರ ಮೇಲೆ ಮಹಡಿ ಏರಿಸಿದ್ದರು. ಈಗ ಸಂಜೆಯಾದರೆ ಅದರ ನೆರಳು ಅಂಗಳವನ್ನೆಲ್ಲ ಮುಚ್ಚುತ್ತಿತ್ತು. ದಾನೇಶ್ವರಿ ದಿನಾ ಸಂಜೆ, ಕೆಲಸ ಮುಗಿಸಿ ಬರುವ ಅವ್ವನಿಗಾಗಿ ಕಾಯುತ್ತಿದ್ದದ್ದು ಆ ಅಂಗಳದಲ್ಲೇ.

ಮೇಡಂ ಮಣ್ಣಿನಲ್ಲೇ ಕುಳಿತುಬಿಟ್ಟರು. "ಅವಳು ನೋಡಿದ್ಲು ಕಣ್ರೋ. ನಾನು ನೋಡಿರ್ಲಿಲ್ಲ" ಎಂದರು. ಯಮನಪ್ಪನ ಫೋನು ಸ್ವಿಚ್ ಆಫ್ ಆಗಿತ್ತು.

ಭಾನುವಾರ ಅವರು ಕಪ್ಪು ಚೌಕದ ಕೆಳಗೆ 'ಸರಿಯಾಗಿ ನೋಡಿದ್ದೀಯ' ಎಂದು ಬರೆದು, ಕಾರ್ಡು ತೆಗೆದುಕೊಂಡು ಅತ್ತಿಬೆಲೆಗೆ ಹೋದರು. ಕೆಲಸ ನಡೆಯುತ್ತಿದ್ದ ಕಡೆಯೆಲ್ಲ ವಿಚಾರಿಸಿದರು. ಒಂದು ಕಡೆ ವಾಚ್‌ಮನ್, "ಯಾವ ಯಮನಪ್ಪ ಮೇಡಂ? ನಮ್ಮಲ್ಲೇ ಮೂರು ಜನ ಅವ್ರೆ" ಎಂದು ನಕ್ಕು, ಮೂವರನ್ನೂ ಕೂಗಿ ಕರೆದ. ಅವರಲ್ಲಿ ಯಾರೂ ದಾನೇಶ್ವರಿಯ ಅಪ್ಪ ಆಗಿರಲಿಲ್ಲ.